ಗೋಡೆ ಕಡೆ ಕೈ

ಹಳೇ ಯಂತ್ರ ಗುಜರಿಗೆ ಹೋಯಿತು,
ಅದು ತೆಗೆದ ತಲೆಗಳು ಉಳಿದವು.
ಹಾಸನದ ಸಾಲಗಾಮೆ ರಸ್ತೆ, ಈ ನೆಲಮಾಳಿಗೆ,
ಎರಡು ಡಿಸ್ಕಿನಲ್ಲಿ ನೂರ ಹನ್ನೆರಡು ಮೆದುಳು.
ಹೊಸ ಕಂಪ್ಯೂಟರಿಗೆ ಸಾಗಿಸುವಾಗ ಎಲ್ಲೋ
ಕೆಲವು ಮಗುಚಿಕೊಂಡವು, ಕೆಲವು ಇಲ್ಲ.
ತಲೆಕೆಳಗಾದದ್ದು ತಾನೇ ಕೂಗಿ ಹೇಳುತ್ತದೆ.
ಎಡಬಲ ಅದಲುಬದಲಾದದ್ದು ಸುಮ್ಮನಿರುತ್ತದೆ,
ಸಭ್ಯಸ್ಥನ ಹಾಗೆ.

ಮೆದುಳು ನಮ್ಮ ಠ ಅಕ್ಷರ.
ಹಾಳೆಯನ್ನು ಹಿಂದುಮುಂದಾಗಿ ಬೆಳಕಿಗೆ ಹಿಡಿಯಿರಿ,
ಆಗಲೂ ಠ.

ಪ್ರತಿ ಫೈಲಿಗೂ ಒಂದು ಹಣೆಬರಹ:
ಹೆಸರು, ವಯಸ್ಸು, ಯಾವ ಕಡೆ ಬಲ.
ಅದನ್ನು ತಿದ್ದುವ ಅಧಿಕಾರ ಈಗ ನನ್ನದು, ಪಾಸ್‌ವರ್ಡ್ ಸಮೇತ.
ಎರಡು ಸಲ ತಿದ್ದಿದರೆ ತಪ್ಪು ಮನೆಗೆ ಮರಳುತ್ತದೆ;
ಅದಕ್ಕೇ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ,
ಹಾಲಿನವಳ ಲೆಕ್ಕದಂತೆ.

ನನ್ನನ್ನು ಕಾಪಾಡಿದ್ದು ಫಿಲೋಮಿನಮ್ಮ.
ಆಯಾ ಆಗಿದ್ದವಳು, ರಿಟೈರಾಗಿ ಆರು ವರ್ಷ.
ಒಳಗೆ ತಳ್ಳುವ ಮೊದಲು ಪ್ರತಿಯೊಬ್ಬರ ಬಲ ಕಣತಲೆಗೆ
ಒಂದು ಮೀನೆಣ್ಣೆ ಗುಳಿಗೆ ಅಂಟಿಸುತ್ತಿದ್ದಳು,
ಕೂಸಿಗೆ ದೃಷ್ಟಿಬೊಟ್ಟು ಇಡುವಷ್ಟೇ ಸಲೀಸಾಗಿ.
ಪರದೆಯ ಮೇಲೆ ಅವು ಈಗ ಬೆಳ್ಳಗೆ ಹೊಳೆಯುತ್ತವೆ:
ಇದು ಬಲ, ಇದು ಬಲ, ಇದು ಬಲ.

ಬೆಳಗೊಳದ ಬ್ರಹ್ಮಸೂರಯ್ಯನವರು ಮೀನು ಒಲ್ಲೆನೆಂದರಂತೆ.
ಆಲೂಗಡ್ಡೆ ಹೋಳು? ನೆಲದೊಳಗಿನದು, ಅದೂ ಕೂಡದು.
ಪುಷ್ಯದ ಚಳಿ. ಅವಳ ಬ್ಯಾಗಿನಲ್ಲಿ ಸಂಜೆಯ ಸಾರಿಗೆ ಸೊಗಡವರೆ.
ಆ ಫೈಲಿನಲ್ಲಿ ಕಿವಿಯ ಮುಂದೊಂದು ಹಸಿ ಕಾಳು,
ಕಣ್ಣಿನ ಸಮೇತ.

ನೂರ ಹನ್ನೊಂದು ಮುಗಿಯಿತು.

ಉಳಿದದ್ದಕ್ಕೆ ಗುಳಿಗೆಯಿಲ್ಲ, ಆ ದಿನ ಅವಳಿಗೆ ರಜೆ.
ಬೋರಲಿಂಗಯ್ಯ, ಐವತ್ತೆಂಟು, ಆಲೂಗಡ್ಡೆ ಮಂಡಿಯ ಹಮಾಲಿ.
ನನ್ನ ಎಡಕ್ಕೆ ಒಂದು ಕಪ್ಪು, ಹುಣಸೆಬೀಜದಷ್ಟು.
ನಾಡಿದ್ದು ಮೈಸೂರಿನ ಡಾಕ್ಟರು ಇದನ್ನು ನೋಡಬೇಕು.
ಫೋನು ಮಾಡಿದೆ. ಹೆಂಡತಿ ಎತ್ತಿದಳು.
ಯಾವ ಕೈ ಬಿದ್ದುಹೋಗಿರೋದು ಅಮ್ಮ?
"ಗೋಡೆ ಕಡೆ ಕೈ."
ಗೋಡೆ ಯಾವ ಕಡೆ?
"ಒಲೆ ಕಡೆ ಅಲ್ಲ, ಅದರ ಎದುರಿಗೆ."
ಉಣ್ಣೋ ಕೈಯಾ?
"ಅಯ್ಯೋ, ಅವರಿಗೆ ಎರಡೂ ಒಂದೇ ಕಣವ್ವ,
ಯಾವುದರಲ್ಲಾದರೂ ಮೂಟೆ ಎತ್ತೋರು."
ಮೂವತ್ತು ವರ್ಷ ಆ ಮಗ್ಗುಲಲ್ಲಿ ಮಲಗಿದವಳಿಗೆ
ಎಡವೆಂದೋ ಬಲವೆಂದೋ ಹೆಸರಿಡುವ
ಜರೂರು ಬಿದ್ದೇ ಇರಲಿಲ್ಲ.

ಮೊಮ್ಮಗ ಫೋಟೋ ಕಳಿಸಿದ. ಟೀ ಅಂಗಡಿಯ ಬೆಂಚು,
ತಾತನ ಹೆಗಲಿಗೆ ಗಲ್ಲವಿಟ್ಟು ತಾನೇ ತೆಗೆದದ್ದು.
ಒಂದು ಕೈಯಲ್ಲಿ ಲೋಟ. ಇನ್ನೊಂದು, ಎಡಗೈ,
ತೊಡೆಯ ಮೇಲೆ ಅಂಗಾತ,
ಯಾರೋ ಇಟ್ಟು ಮರೆತುಹೋದ ಸಾಮಾನು.
ಎಡಗೈ ಬಿದ್ದರೆ ಮೆದುಳಿನ ಬಲ,
ರೋಗಿಯ ಬಲ ಅಂದರೆ ನನ್ನ ಎಡ,
ಸರಿ, ಫೈಲು ಇದ್ದಂತೆಯೇ ಇರಲಿ ಎಂದು ಪೆನ್ನೆತ್ತಿದೆ.

ಅವರ ಬೆನ್ನಿಗೆ ಅಂಗಡಿಯ ಬೋರ್ಡು.
ಮೊದಲು ಕಣ್ಣಿಗೆ ಬಿದ್ದದ್ದು ಠ, ನೆಟ್ಟಗೆ, ಸಾಚಾ.
ಅದರ ಬಲಕ್ಕೆ ಬೆನ್ನು ತಿರುಗಿಸಿ ಕೂತಿತ್ತು ಮ.
ಕೂಡಿಸಿ ಓದಿದೆ, ತುದಿಯಿಂದ:
ಮಠದ ಬೀದಿ.

ಪೆನ್ನು ಕೆಳಗಿಟ್ಟೆ. ಮತ್ತೆ ಫೋನು.
ಮಗು, ತಾತನ ಎದುರಿಗೆ ಬೇಡ, ಪಕ್ಕಕ್ಕೆ ನಿಲ್ಲು.
ಅವರು ನೋಡುವ ಕಡೆಗೇ ನೋಡು. ಈಗ ಹೇಳು, ಯಾವ ಕೈ?
ಅವನು ತಡೆದ. ಒಲೆಯ ಮೇಲೇನೋ ಚಟಗುಟ್ಟುವ ಸದ್ದು.
"ಇಸ್ಕೂಲಲ್ಲಿ ಬರೆಯೋ ಕೈ ಆಂಟಿ."

ಒಂದು ಅಂಕಿಯ ಮುಂದೆ ಒಂದು ಋಣಚಿಹ್ನೆ, ಅಷ್ಟೇ.
ಹುಣಸೆಬೀಜ ಆಚೆ ದಡಕ್ಕೆ ದಾಟಿತು,
ನೀರು ಕಲಕದೆ.

ನೋಟ್‌ಬುಕ್ಕಿನಲ್ಲಿ ಆಧಾರ ಎಂದೊಂದು ಕಾಲಂ ಎಳೆದಿದ್ದೇನೆ.
ಉದ್ದಕ್ಕೂ ಗುಳಿಗೆ, ಗುಳಿಗೆ, ಗುಳಿಗೆ,
ನಡುವೆ ಒಂದು ಅವರೆಕಾಳು,
ಕೊನೆಯಲ್ಲಿ ಮೊಮ್ಮಗ.