ಅರವತ್ತೊಂದು ದಿನ

ಮೂರು ವರ್ಷ ಬೇಕು ಎಂದೆ.
ಸಿಗಡಿ ಸುಲಿದು ಸುಲಿದು ಬೆರಳ ತುದಿ ಬೆಳ್ಳಗಾದವಳು,
ನಲವತ್ತು ದಾಟಿದ ಜಲಜಾಕ್ಷಿ ಕುಂದರ್,
ಮಲ್ಪೆಯ ದಕ್ಕೆಯಲ್ಲಿ ಬೋಟುಗಳೆಲ್ಲ ಮೈಗೆ ಮೈ ತಾಗಿಸಿ
ಕಟ್ಟಿಸಿಕೊಂಡು ನಿಂತ ಜೂನ್ ಒಂದರ ಬೆಳಿಗ್ಗೆ
ನನ್ನ ಶೆಡ್ಡಿನ ಹೊಸ್ತಿಲಲ್ಲಿ
"ನನಗಿರುವುದು ಅರವತ್ತೊಂದು ದಿನ, ಮೇಸ್ತ್ರಿ" ಎಂದಳು.

ನಕ್ಕೆ. ಚಾ ತಾ ಎಂದೆ.

ತಂದಳು. ಗ್ಲಾಸು ಇಡುವಾಗ ಕೇಳಿದಳು:
"ನಾನಿಲ್ಲದಾಗ ಏನು ಬಿಗಿ ಮಾಡಿದಿರಿ?"
ಏನೋ ಒಂದು, ಎಂದೆ.
ಮರುದಿನ ಫ್ಲಾಸ್ಕು ತಂದಳು,
ಎಂಟು ಗ್ಲಾಸು ಹಿಡಿಯುವಂಥದ್ದು.
ಮತ್ತೆ ಹೊರಗೆ ಹೋಗಲೇ ಇಲ್ಲ.

ಬೆಂಡೋಲೆ ಸೊಸೈಟಿಯಲ್ಲಿಟ್ಟು
ಗುಜರಿಯ ಅಬ್ಬೋನಾಕನಿಂದ ಸತ್ತ ಇಂಜಿನ್ ಒಂದನ್ನು ಕೊಂಡು
ಮನೆಯ ಜಗಲಿಗೆ ಹಾಕಿಸಿದಳಂತೆ.
ಮೂರನೆಯ ಸಲ ಕೂಡಿಸುವಾಗ ಸ್ಪ್ರಿಂಗ್ ಒಂದು ಉಳಿದುಹೋಗಿ
ರಾತ್ರಿ ಹನ್ನೊಂದಕ್ಕೆ ನನ್ನ ಬಾಗಿಲು ಬಡಿದಳು,
ಕೊಡೆಯಿಲ್ಲ, ಮುಷ್ಟಿಯಲ್ಲಿ ಅದು ಮೀನಮರಿಯಂತೆ.
"ಹೇಳಬೇಡಿ. ಎಲ್ಲಿಯದೆಂದು ನಾನು ಹೇಳುತ್ತೇನೆ,
ತಪ್ಪಿದರೆ ಮಾತ್ರ ತಲೆಯಾಡಿಸಿ."
ನಾಲ್ಕು ಸಲ ಆಡಿಸಿದೆ.
ಐದನೆಯದಕ್ಕೆ ಆಡಿಸಲಿಲ್ಲ. ಮಳೆಯಲ್ಲೇ ಓಡಿದಳು.

ಬಂದದ್ದನ್ನು ಅವಳು ಮತ್ತೆ ಮುಟ್ಟುತ್ತಿರಲಿಲ್ಲ.
ಕೈ ಎಲ್ಲಿ ಮಂಕಾಗುತ್ತದೋ ಅಲ್ಲಿಗೇ ಹೋಗುವಳು,
ಹಲ್ಲುನೋವಿಗೆ ನಾಲಿಗೆ ಹೋದ ಹಾಗೆ.

ಜುಲೈ ಕೊನೆಗೆ ಒಂದು ಸಂಜೆ ಲೆಕ್ಕ ಹಾಕಿದೆ,
ಅವಳದಲ್ಲ, ನನ್ನದು.
ಹನ್ನೆರಡರ ಹುಡುಗ, ಲಾದ್ರು ಮೇಸ್ತ್ರಿಯ ಕೆಳಗೆ ಮೂರು ವರ್ಷ.
ಚಾ ತಂದದ್ದು, ಬೀಡಿ ತಂದದ್ದು,
ಅವರ ಮಗಳನ್ನು ಶಾಲೆಗೆ ಬಿಟ್ಟದ್ದು,
ಟೈಮಿಂಗ್ ಕೂಡಿಸುವ ಹೊತ್ತಿಗೇ ಸರಿಯಾಗಿ
"ಹೋಗು, ಹತ್ತರ ಸ್ಪ್ಯಾನರ್ ತಾ" ಎನಿಸಿಕೊಂಡದ್ದು,
ಎಲ್ಲ ಕಳೆದರೆ
ಕಲಿತದ್ದು ಐವತ್ತು ದಿನ ಇರಬಹುದು. ಅರವತ್ತು.
ಅದನ್ನೇ ಮೂರು ವರ್ಷವೆಂದು
ಇಷ್ಟು ಕಾಲ ಮಾರುತ್ತ ಬಂದೆನಲ್ಲ ಮಾರಾಯ್ರೆ.

ಆಗಸ್ಟ್ ಒಂದು. ಇನ್ನೂ ಕತ್ತಲು.
ಅವಳು ಕೂಡಿಸಿದ ಇಂಜಿನ್ ಎರಡು ಸಲ ಕೆಮ್ಮಿ
ನಿಂತಿತು.
ತಾಂಡೇಲ ನನ್ನ ಕಡೆ ನೋಡಿದ.
ನಾನು ಅವಳ ಕಡೆ.
ಅವಳು ಯಾರ ಕಡೆಯೂ ಇಲ್ಲ.
ಬೆಂಡೋಲೆಯಿಲ್ಲದ ಕಿವಿಯನ್ನು ಪೈಪಿಗೆ ಒತ್ತಿ
"ಗಾಳಿ ಹಿಡಿದಿದೆ" ಎಂದಳು,
ಕೈ ಹಿಂದಕ್ಕೆ ಚಾಚಿ,
"ಹತ್ತರ ಸ್ಪ್ಯಾನರ್."

ತರಲು ಹೋದದ್ದು ನಾನು.
ಓಡಿಯೇ ಹೋದೆ, ಈ ಮೊಣಕಾಲಲ್ಲಿ.
ಅವಳು ಬಿಚ್ಚುವುದು ನನಗೆ ನೋಡಲಿಕ್ಕಿತ್ತು.