ಹನ್ನೊಂದನೆಯದು

ವಿಕರ್ ಕಮಾನಿನಡಿ ಹೋಲ್ರಾಯ್ಡನ ಅಂಗಡಿ.
ಪೆಟ್ಟಿಗೆಯ ರೆಕಾರ್ಡುಗಳನ್ನು ಒಂದೊಂದಾಗಿ ಬಾಗಿಸುತ್ತೇನೆ,
ಶೆಫೀಲ್ಡಿನ ಅರ್ಧ ಧೂಳು ನನ್ನ ಬೆರಳಲ್ಲೇ.
"ಮತ್ತೆ ಅದೇ ಹಾಡಾ?"
ಅದೇ.

ಹತ್ತು ಸಿಕ್ಕಿವೆ ಇಲ್ಲಿತನಕ.
ಗಾಯಕನಿಗೆ ನೆಗಡಿಯಾದ ರಾತ್ರಿಯ ಲೀಡ್ಸ್ ಕಛೇರಿ,
ಹಾಲೆಂಡಿನಲ್ಲಿ ಒತ್ತಿದ್ದು, ಯಾಕೋ ಅರ್ಧ ಸ್ವರ ಮೇಲೆ,
ಹಳೇ ಡ್ರಮ್ಮರ್ ಇನ್ನೂ ಜಗಳ ಆಡಿ ಹೋಗದಿದ್ದಾಗಿನ ಡೆಮೊ.
ಬಾರ್ನ್ಸ್‌ಲಿಯ ಹಿತ್ತಾಳೆ ಬ್ಯಾಂಡು ಊದಿದ್ದೂ ಇದೆ:
ರಾಕ್ ಹಾಡು, ಪಾಪ, ದಿಬ್ಬಣ ಹೊರಟ ಹಾಗೆ.

ಎರಡನೇ ಚರಣ ಮುಗಿದು
ಗಿಟಾರು ಗಕ್ಕನೆ ನಿಲ್ಲುವಲ್ಲಿ
ಒಂದರಲ್ಲೂ ಆ ಕೂಗಿಲ್ಲ.

ಎಂಬತ್ಮೂರರ ಜನವರಿ. ರೇಡಿಯೊ ಮುಂದೆ ಟೇಪ್ ರೆಕಾರ್ಡರಿಟ್ಟು
ಕೆಮ್ಮನ್ನೂ ನುಂಗಿಕೊಂಡು ಕೂತಿದ್ದೆ.
ಕೆಳಮನೆಯ ಹುಡುಗ ಗ್ಯಾಸ್ ಮೀಟರಿಗೆ ಚಿಲ್ಲರೆ ಕೇಳುತ್ತ
ಹೊಸ್ತಿಲಲ್ಲೇ ನಿಂತ.
ಚಮಚದ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ಮಲಗಿದ್ದ ಗುರುಬಸು
ಕಂಬಳಿಯೊಳಗಿಂದಲೇ, ಸರಿಯಾಗಿ ಆ ಎರಡು ತಾಳದ ಸಂದಿಗೆ:
"ಬಾಗ್ಲಾ ಹಾಕಲೇ, ಥಂಡಿ!"

ಒಂದು ವಾರ ಅವನ ಜೊತೆ ಮಾತು ಬಿಟ್ಟಿದ್ದೆ.
ಆಮೇಲೆ ಅದಿಲ್ಲದೆ ಹಾಡೇ ಅಲ್ಲ ಅನ್ನಿಸತೊಡಗಿತು.
ಟೇಪನ್ನು ಕಾರಿನ ಪ್ಲೇಯರ್ ತಿಂದಿತು,
ಗುರುಬಸುವನ್ನು ಕಾರ್ಖಾನೆಯ ಪುಡಿ.

"ಜಪಾನಿನದೊಂದು ಬಂದಿದೆ, ಇದರಲ್ಲಿರಬಹುದು ನಿನ್ನ ಕೂಗು,"
ಹೋಲ್ರಾಯ್ಡ್ ಒರೆಸಿ ಕೊಟ್ಟ.
ಯಾವ ಭಾಷೆಯದೆಂದು ನಾನವನಿಗೆ ಹೇಳಿಲ್ಲ.
ನಾಲ್ಕು ಪೌಂಡು. ಚೌಕಾಸಿ ಮಾಡಲಿಲ್ಲ.

ಮನೆಗೆ ಬಂದು ಮುಳ್ಳು ಇಳಿಸಿದೆ.
ಎರಡನೇ ಚರಣ ಮುಗಿಯುವ ಮುಂಚೆ ಎದ್ದು
ಬಾಗಿಲು ತೆರೆದಿಟ್ಟು
ಬಂದು ಕೂತೆ.