ಬಾಯಿ ತುಂಬ ಗುಂಡುಸೂಜಿ

ನಮ್ಮ ಕೌಲ್ ಬಜಾರಿನ ಬೋರಿನ ನೀರಿಗೆ
ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ,
ಹಂಡೆಯ ತಳದಲ್ಲಿ ಬೆರಳು ದಪ್ಪ ಸುಣ್ಣ.
ಬಯ್ಯುತ್ತಲೇ ಬಳಸಿದ್ದೇವೆ ಇಷ್ಟು ವರ್ಷ.
ಮೀನಂಗಡಿ ಗಾದಿಲಿಂಗಪ್ಪ ಒಂದು ಲೋಟ ತರಿಸಿಕೊಂಡು
ಎರಡು ಹನಿ ಔಷಧ ಬಿಟ್ಟು, ಬಣ್ಣ ನೋಡಿ,
"ಅಕ್ಕಾ, ಇದು ಆಫ್ರಿಕಾದ ಕೆರೆ ನೀರು" ಅಂದ.
"ಮಲಾವಿ ಅಂತ ಐತೆ. ಅಲ್ಲಿನ ಸಿಕ್ಲಿಡ್ ಮೀನಿಗೆ ಇಂಥಾದ್ದೇ ಬೇಕು."
ನಮ್ಮ ನೀರನ್ನು ಯಾರಾದರೂ ಹೊಗಳಿದ್ದು
ಅದೇ ಮೊದಲು.

ಆರು ಮರಿ ತಂದೆ. ನಾಲ್ಕಡಿ ಗಾಜಿನ ಪೆಟ್ಟಿಗೆ,
ಗುಡ್ಡದ ಬುಡದ ಕಲ್ಲು ಕುದಿಸಿ, ತಿಕ್ಕಿ
ಗವಿ ಗವಿಯಾಗಿ ಪೇರಿಸಿದೆ.
ರಾತ್ರೋರಾತ್ರಿ ಬಾಯಲ್ಲಿ ಮರಳು ತುಂಬಿ ತುಂಬಿ ಉಗಿದು
ಕಲ್ಲನ್ನೇ ಉರುಳಿಸಿದವು.
ಮತ್ತೆ ಪೇರಿಸಿದೆ. ಈ ಸಲ ಮೊದಲು ಕಲ್ಲು, ಆಮೇಲೆ ಮರಳು.

ಹಳದಿ ಅಂತ ತಂದವುಗಳಲ್ಲಿ ಒಂದು
ಮೂರನೇ ತಿಂಗಳಿಗೆ ನೀಲಿಗೆ ತಿರುಗಿತು.
ಕಪ್ಪು ಪಟ್ಟೆ ಎದ್ದವು; ಎಣಿಸಿದರೆ ಒಮ್ಮೆ ಆರು, ಒಮ್ಮೆ ಏಳು,
ಸಿಟ್ಟು ಬಂದಾಗ ಒಂದು ಜಾಸ್ತಿ.
"ಯಾವ ಜಾತಿ ಇದು?"
ಗಾದಿಲಿಂಗಪ್ಪ ಕನ್ನಡಕ ಏರಿಸಿ
ಬೆನ್ನಿನ ಮುಳ್ಳು ಲೆಕ್ಕ ಹಾಕಿ, ಮೂತಿ ನೋಡಿ,
"ಅಪ್ಪಂದೊಂದು ಕುಲ, ಅವ್ವಂದೊಂದು ಕುಲ ಇರಬೇಕು" ಅಂದು
ನಮ್ಮಿಬ್ಬರ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.
ನಾನು ಹುಲಿಗೆಮ್ಮ. ಮನೆಯವರು ಖಾಜಾಸಾಬ್.
ನಕ್ಕುಬಿಟ್ಟೆವು. ಅವನು ನಗಲಿಲ್ಲ, ಪಾಪ.

ಅದರ ಕೆಳರೆಕ್ಕೆಯ ಮೇಲೆ ಮೂರು ಹಳದಿ ಚುಕ್ಕಿ,
ಜೇಬಿನ ಮೂಲೆಗೆ ನಾನು ಹೊಡೆಯುವ ತಾಮ್ರದ ಗುಂಡಿಯ ಹಾಗೆ.
ಹೆಣ್ಣೊಂದು ತತ್ತಿ ಇಟ್ಟು, ತಿರುಗಿ, ಬಾಯಿಗೆ ಹಾಕಿಕೊಂಡಿತು;
ಗಂಡು ರೆಕ್ಕೆ ಹರಡಿ ನಡುಗಿತು.
ಚುಕ್ಕಿಯೂ ತತ್ತಿಯೇ ಎಂದು ಇದು ಬಾಯಿ ಒಡ್ಡಿತು.
ಸುಳ್ಳು ತತ್ತಿಯ ನೆಪದಲ್ಲಿ
ಖರೇ ತತ್ತಿಗೆ ಜೀವ.

ಆಮೇಲೆ ಉಪವಾಸ. ಗದ್ದ ಊದಿ, ತುಟಿ ಬಿಗಿದು,
ಆಗಾಗ ಅಗಿದ ಹಾಗೆ ಮಾಡಿ ತತ್ತಿ ಹೊರಳಿಸುತ್ತ
ಕಲ್ಲಿನ ಸಂದಿಯಲ್ಲಿ ನಿಂತೇ ಇತ್ತು.
ನನಗೆ ಗೊತ್ತು ಅದು.
ಹನ್ನೆರಡು ಗುಂಡುಸೂಜಿ ಕಚ್ಚಿಕೊಂಡು
ಪ್ಯಾಂಟಿಗೆ ಸೊಂಟಪಟ್ಟಿ ಕೂಡಿಸುವಾಗ
ಯಾರೇನಂದರೂ 'ಹ್ಞೂಂ' ಒಂದೇ ಉತ್ತರ.
ಅತ್ತೆ ಅಂದದ್ದಕ್ಕೆ, ಅವ್ವ ಅನ್ನದೇ ಬಿಟ್ಟದ್ದಕ್ಕೆ,
ಎಲ್ಲಕ್ಕೂ ಹ್ಞೂಂ.

ಹದಿನೇಳನೇ ರಾತ್ರಿ ಕರೆಂಟ್ ಹೋಯಿತು. ಮೇ ತಿಂಗಳು.
ಕುಡುತಿನಿಯಲ್ಲಿ ಕಲ್ಲಿದ್ದಲು ಉರಿಯುತ್ತಲೇ ಇರುತ್ತದೆ,
ನಮ್ಮ ಓಣಿಗೆ ಮಾತ್ರ ಕತ್ತಲು.
ಗಾಳಿಪಂಪು ನಿಂತು, ಮೀನೆಲ್ಲ ಮೇಲೆ ಬಂದು ಬಾಯಿ ಬಿಟ್ಟವು.
ಅದೊಂದು ಬಿಡಲಿಲ್ಲ.
ಇಬ್ಬರೂ ಪಾಳಿ ಹಾಕಿ
ತಂಬಿಗೆಯಲ್ಲಿ ನೀರೆತ್ತಿ ಎತ್ತರದಿಂದ ಸುರಿದೆವು, ಸುರಿದೆವು,
ಬೆಳಗಿನ ಅಜಾನ್ ಆಗುವ ತನಕ.
ಹಳದಿ ಎರಡು ಸತ್ತವು.

ಇಪ್ಪತ್ತೆರಡಕ್ಕೆ ಉಗುಳಿತು. ಹದಿನಾಲ್ಕು!
ಎಣಿಸಿದ್ದು ಮಗಳು. ಅವಳು ಬೆರಳು ತೋರಿಸಿದ್ದೇ ತಡ
ಹದಿನಾಲ್ಕೂ ಬೆದರಿ
ಬಂದ ಬಾಯೊಳಗೇ ಹೊಕ್ಕವು.

ಬೆಳೆದ ಮೇಲೆ ಗಾದಿಲಿಂಗಪ್ಪ ಬಂದ.
"ಒಂದಕ್ಕೆ ನೂರಿಪ್ಪತ್ತು ಕೊಡ್ತೀನಿ.
ಒಳ್ಳೇದೊಂದು ಹೆಸರು ಬರೆದು ಮಾರಿದ್ರಾಯ್ತು,
ಮರೀಲಿ ಯಾರಿಗೆ ಗೊತ್ತಾಗ್ತೈತೆ?"
ನನ್ನ ಮಡಿಲಲ್ಲಿ ಆಗ ಇನ್ನೂರು ಲೇಬಲ್ಲು:
ಕಾಣದ ದೇಶದ ಹೆಸರು, ನನಗೆ ಬಾರದ ಅಕ್ಷರ.
ಇದೇ ಓಣಿಯಲ್ಲಿ ಕತ್ತರಿಸಿದ ಪ್ಯಾಂಟಿಗೆ ಅದನ್ನೇ ದಿನಾ ಹೊಲಿಯುತ್ತೇನೆ,
ಒಂದಕ್ಕೆ ಎಂಬತ್ತು ಪೈಸೆ,
ಎಂದೂ ಕೈ ನಡುಗಿಲ್ಲ.

ಬಾಯಿಂದ ಸೂಜಿ ಒಂದೊಂದೇ ತೆಗೆದು
ಗಾದಿಗೆ ಚುಚ್ಚಿದೆ. ಹೊತ್ತು ಹಿಡಿಯಿತು.
"ಹೆಸರು ಬ್ಯಾಡ. ಪುಕ್ಕಟೆ ಒಯ್ಯಿ.
ಕೇಳಿದೋರಿಗೆ ಕೌಲ್ ಬಜಾರಿನವು ಅನ್ನು."

ಒಂಬತ್ತು ಒಯ್ದ. ಏನಂತ ಮಾರಿದನೋ ತಿಳಿಯದು.
ಉಳಿದ ಐದರಲ್ಲಿ ಒಂದಕ್ಕೆ
ಪಟ್ಟೆ ಮೂಡುತ್ತಿವೆ.
ಇನ್ನೂ ಎಣಿಸಿಲ್ಲ.